ಬರ್ಚ್ ಹಳ್ಳದ ಮೇಲಿನ ಮಣ್ಣು

ಸ್ಪ್ರೂಸ್ ಪಾಯಿಂಟ್
19 ಅಕ್ಟೋಬರ್ 1997

ನೊಯೆಲ್ಲಾ,

ನೀನು ಹತ್ತಿದ ವಿಮಾನ ಇನ್ನೂ ಸರೋವರ ದಾಟಿರಲಿಲ್ಲ, ಅಪ್ಪ ಆಗಲೇ ನೀನು ತಂದ ಫ್ರೀಜರಿನ ಮುಚ್ಚಳ ತೆಗೆಯುವುದು, ಹಾಕುವುದು ಶುರು ಮಾಡಿದ್ದ. ಒಳಗೆ ಏನೂ ಇಲ್ಲ, ಖಾಲಿ ಪೆಟ್ಟಿಗೆ. ಆದರೂ ಬಗ್ಗಿ ನೋಡುತ್ತಾನೆ, ದೀಪ ಹತ್ತುತ್ತದೆ, ನಗುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಬಂದು ನೋಡಿಕೊಂಡು ಹೋಯಿತು. ಮ್ಯಾಕ್‌ಮರ್ರಿಯಿಂದ ನನ್ನ ಮಗಳು ತಂದಿದ್ದು, ಇದಕ್ಕೆ ಜಾಗ ಮಾಡೋಕೆ ವಿಮಾನದ ಸೀಟುಗಳನ್ನೇ ಕಿತ್ತರಂತೆ ಅಂತ ಬಂದವರಿಗೆಲ್ಲ ಹೇಳಿದ. ಬಂದವರಿಗೆಲ್ಲ ಚಹಾ ಮಾಡಿಕೊಟ್ಟವಳೂ ಅವನ ಮಗಳೇ. ಆದರೆ ನಾನು ವಿಮಾನದಲ್ಲಿ ಬಂದವಳಲ್ಲ ನೋಡು, ನನ್ನ ಮುಚ್ಚಳ ತೆಗೆದು ನೋಡುವವರು ಯಾರೂ ಇಲ್ಲ.

ಒಂದು ಮಾತು ನಿನಗೆ ಗೊತ್ತಿರಲಿ. ಈ ವರ್ಷ ನದಿಯಲ್ಲಿ ನೀರಿಲ್ಲ. ಡೀಸೆಲ್ ತರುವ ಕೊನೆಯ ಬಾರ್ಜು ದೋಣಿ ಮರಳು ದಿಬ್ಬಕ್ಕೆ ಸಿಕ್ಕಿಕೊಂಡು, ಇದ್ದಷ್ಟನ್ನು ಹೊತ್ತುಕೊಂಡೇ ಹಿಂದಕ್ಕೆ ಹೋಯಿತು. ಹಿಮದ ರಸ್ತೆ ಗಟ್ಟಿಯಾಗಿ ಲಾರಿ ಬರುವ ತನಕ ಇರುವುದನ್ನೇ ಸುಡಬೇಕು. ಊರಿನ ಜನರೇಟರನ್ನು ನನ್ನ ಗಂಡ ಮಧ್ಯಾಹ್ನವಿಡೀ ನಿಲ್ಲಿಸುತ್ತಾನೆ, ಊರಿನ ಬೈಗುಳವೆಲ್ಲ ಅವನಿಗೆ. ನಿನ್ನೆ ಅಪ್ಪನೂ ಹೋಗಿ, "ಲಿಯಾನ್, ನನ್ನ ಮಗಳ ಪೆಟ್ಟಿಗೆ ಬೆಚ್ಚಗಾಗ್ತಾ ಇದೆ" ಅಂದನಂತೆ. ಖಾಲಿ ಪೆಟ್ಟಿಗೆಗೆ ಅಷ್ಟು ಕಾಳಜಿ.

ಹೊಟ್ಟೆಕಿಚ್ಚು ಅಂತ ತಿಳಿದುಕೋ ಬೇಕಾದರೆ. ತಿಳಿದುಕೊಂಡರೂ ತಪ್ಪೇನಿಲ್ಲ.

ನಿನ್ನ ಅಕ್ಕ,
ಒಡೀಲ್


ಫೋರ್ಟ್ ಮ್ಯಾಕ್‌ಮರ್ರಿ
8 ನವೆಂಬರ್ 1997

ಅಕ್ಕ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಎರಡನೇ ಸಲ ಓದಿದಾಗ ನಗು ಬರಲಿಲ್ಲ.

ನಾನಿಲ್ಲಿ ರಾಣಿ ಥರ ಇದ್ದೇನೆ ಅಂತ ನಿಮಗೆಲ್ಲ ಅನ್ನಿಸುತ್ತಿರಬೇಕು. ಬೆಳಕು ಹರಿಯುವ ಮುಂಚೆ ಬಸ್ಸು ಹತ್ತುತ್ತೇನೆ. ನನ್ನ ಲಾರಿಯ ಚಕ್ರದ ಪಕ್ಕ ನಿಂತರೆ ನನ್ನ ತಲೆ ಅದರ ಅರ್ಧಕ್ಕೂ ಬರುವುದಿಲ್ಲ. ಏಣಿ ಹತ್ತಿ ಮೇಲೆ ಕೂತರೆ ಕತ್ತಲಾಗುವ ತನಕ ಗಣಿಯ ಅದೇ ಗುಂಡಿ, ಅದೇ ಏರು. ಎಣ್ಣೆ ಕಲೆತ ಕಪ್ಪು ಮರಳು ತುಂಬಿಕೋ, ಸುರಿ, ಮತ್ತೆ ಇಳಿ. ಮನೆಗೆ ಬಂದರೆ ಕೂದಲಿಂದ ಟಾರಿನ ವಾಸನೆ. ಚಿಕ್ಕವರಿದ್ದಾಗ ಅಪ್ಪ ನದಿ ದಂಡೆಯಿಂದ ಟಾರು ಕೆರೆದು ತಂದು ದೋಣಿಯ ಬಿರುಕಿಗೆ ಮೆತ್ತುತ್ತಿದ್ದನಲ್ಲ, ಅದೇ ವಾಸನೆ. ಆಗ ಅದು ಬೇಸಿಗೆ ಬಂತು ಅಂತ ಹೇಳುವ ವಾಸನೆಯಾಗಿತ್ತು.

ನನ್ನ ಬಾಡಿಗೆ ಮನೆಯಲ್ಲಿ ಹೀಟರ್ ಕಡಿಮೆ ಮಾಡಲು ಬರುವುದಿಲ್ಲ. ಸೆಖೆ ಅಂದರೆ ಮನೆಯ ಮಾಲೀಕ ಕಿಟಕಿ ತೆಗೆ ಅನ್ನುತ್ತಾನೆ. ನೀವು ಅಲ್ಲಿ ದೀಪ ಆರಿಸಿ ಕೂತಿರುವಾಗ ನಾನಿಲ್ಲಿ ಕಿಟಕಿ ತೆಗೆದು ಬೀದಿಯನ್ನು ಬೆಚ್ಚಗೆ ಮಾಡುತ್ತಿರುತ್ತೇನೆ.

ಈಗ ನನ್ನ ಹೊಟ್ಟೆಕಿಚ್ಚಿನ ಮಾತು ಕೇಳು. ಅಪ್ಪ ನಿನ್ನ ಜೊತೆ ನಮ್ಮ ಕ್ರೀ ಭಾಷೆಯಲ್ಲಿ ಮಾತಾಡುತ್ತಾನೆ. ನನ್ನ ಜೊತೆ ಇಂಗ್ಲಿಷಿನಲ್ಲಿ, ಮನೆಗೆ ಯಾರೋ ಪಾದ್ರಿ ಬಂದ ಹಾಗೆ. ನಿನಗೆ ಬೈಯುತ್ತಾನೆ. ನನಗೆ ಥ್ಯಾಂಕ್ಸ್ ಹೇಳುತ್ತಾನೆ. ನೀನು ಬರ್ಚ್ ಹಳ್ಳದ ದಾರಿಯಲ್ಲಿ ಅವನ ಹಿಂದೆ, ತುಪ್ಪಳದ ಪ್ರಾಣಿಗೆ ಇಟ್ಟ ಬೋನು ನೋಡುತ್ತಾ ನಡೆಯುತ್ತೀಯ. ನನಗೆ ಆ ದಾರಿ ಮರೆತೇಹೋಗುತ್ತಿದೆ.

ಬರ್ಚ್ ಹಳ್ಳದ ಮಾತು ಬಂದಿದ್ದಕ್ಕೆ ಇದನ್ನೂ ಬರೆಯುತ್ತೇನೆ. ಆಫೀಸಿನ ಗೋಡೆಯ ಮೇಲೆ ಹೊಸ ಗಣಿಯ ನಕ್ಷೆ ಹಾಕಿದ್ದಾರೆ. ಅಪ್ಪನ ಬೋನಿನ ಕಾಡು ಗೆರೆಯ ಒಳಗಿದೆ, ಗುಡಿಸಲೂ ಸೇರಿ. ಸರ್ವೆಯವರು ಈ ಚಳಿಗಾಲ ಬರುತ್ತಾರೆ. ಅಪ್ಪನಿಗೆ ಹೇಗೆ ಹೇಳಬೇಕು ಅಂತ ನಿನಗೆ ಗೊತ್ತು. ನಾನು ಹೇಳಿದೆ ಅಂತ ಮಾತ್ರ ಯಾರಿಗೂ ಹೇಳಬೇಡ.

ನೊಯೆಲ್ಲಾ


ಸ್ಪ್ರೂಸ್ ಪಾಯಿಂಟ್
14 ಜನವರಿ 1998

ನೊಯೆಲ್ಲಾ,

ಅಪ್ಪನಿಗೆ ನಾನು ಹೇಳಬೇಕಾಗಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಕಾಡಿಂದ ಬಂದವನು ಜೇಬಿನಿಂದ ಕಿತ್ತಳೆ ಬಣ್ಣದ ಪಟ್ಟಿಗಳನ್ನು ಮೇಜಿನ ಮೇಲೆ ಹಾಕಿದ. ಮರಮರಕ್ಕೂ ಕಟ್ಟಿದ್ದರಂತೆ. ಕೈಗೆ ಸಿಕ್ಕಷ್ಟು ಬಿಚ್ಚಿಕೊಂಡು ಬಂದಿದ್ದ, ಬಿಚ್ಚಿದರೆ ಅವರು ವಾಪಸ್ ಹೋಗುತ್ತಾರೆ ಅನ್ನುವ ಹಾಗೆ.

ಹೋದ ವಾರ ಕಂಪನಿಯ ಮನುಷ್ಯ ಬಂದಿದ್ದ. ಹಾಲಿಸ್ ಅಂತ, ನಗುಮುಖದವನು. ಸಭಾಭವನದಲ್ಲಿ ಡೋನಟ್ಟು, ಕಾಫಿ, ಟರ್ಕಿ ಸ್ಯಾಂಡ್‌ವಿಚ್ಚು. ಶಾಲೆಯನ್ನು ಬೆಚ್ಚಗಿಡುವ ಬಾಯ್ಲರ್ ನಿಂತು ಮಕ್ಕಳಿಗೆಲ್ಲ ರಜೆ, ಹಾಗಾಗಿ ಡೋನಟ್ಟು ಮೊದಲೇ ಮುಗಿದವು. ಅವನು ಹೇಳಿದ್ದು ಇಷ್ಟು. ಹೊಸ ಗಣಿಗೆ ಊರು ಅಡ್ಡಿ ಮಾಡಬಾರದು, ಬೋನಿನ ಕಾಡಿನವರು ಒಪ್ಪಿಗೆಯ ಸಹಿ ಹಾಕಬೇಕು. ಹಾಕಿದರೆ ಕಂಪನಿ ಹೊಸ ಜನರೇಟರ್ ಕೊಡುತ್ತದೆ, ಗಣಿ ನಡೆಯುವಷ್ಟು ಕಾಲ ಊರಿಗೆ ಡೀಸೆಲ್ ಅಗ್ಗಕ್ಕೆ ಕೊಡುತ್ತದೆ. ಪ್ರಪಂಚದ ಎಣ್ಣೆಯೆಲ್ಲ ನಿಮ್ಮ ಪಕ್ಕದಲ್ಲೇ ಇದೆ, ನೀವು ಚಳಿಗೆ ನಡುಗುತ್ತಾ ಕೂತಿದ್ದೀರಿ, ಇದು ನ್ಯಾಯವಾ ಅಂತ ಕೇಳಿದ. ನಾವೆಲ್ಲ ಕೋಟು ಹಾಕಿಕೊಂಡೇ ಕೂತಿದ್ದೆವು.

ಮುದುಕಿ ಅಗಾಥಾ ಎದ್ದು, ಪಕ್ಕದಲ್ಲೇ ಇರೋ ಎಣ್ಣೆ ನಮಗೆ ಬರೋಕೆ ಇಷ್ಟು ಕಷ್ಟ ಯಾಕೆ ಅಂದಳು. ಅದು ಪೈಪಿನಲ್ಲಿ ದಕ್ಷಿಣಕ್ಕೆ ಹೋಗಿ, ಶುದ್ಧವಾಗಿ, ಆಮೇಲೆ ವಾಪಸ್ ಬರಬೇಕು ಅಂತ ಅವನು ವಿವರಿಸಿದ. "ಅಷ್ಟು ದೂರ ಹೋದ ಮೇಲೆ ಅದಕ್ಕೂ ನಮ್ಮೂರು ಮರೆತುಹೋಗತ್ತೇನೋ" ಅಂದಳು. ಎಲ್ಲ ನಕ್ಕರು, ಹಾಲಿಸನೂ ನಕ್ಕ. ಅವನ ಮಾತು ಮುಗಿದಾಗ ಎಲ್ಲ ಚಪ್ಪಾಳೆ ಹೊಡೆದರು. ಲಿಯಾನೂ ಹೊಡೆದ. ಹೊಸ ಯಂತ್ರ ಬಂದರೆ ಅವನಿಗೆ ಬೈಗುಳ ತಪ್ಪುತ್ತದೆ.

ಅಪ್ಪ ಚಪ್ಪಾಳೆ ಹೊಡೆಯಲಿಲ್ಲ. ಶರತ್ಕಾಲದಲ್ಲಿ ಮ್ಯಾಕ್‌ಮರ್ರಿಯಲ್ಲಿ ಸರ್ಕಾರದವರ ವಿಚಾರಣೆ ಇದೆ, ಬೇಡ ಅನ್ನುವವರು ಅಲ್ಲಿ ಬಂದು ಹೇಳಬಹುದು ಅಂತ ಗೊತ್ತಾಯಿತು. ಮನೆಗೆ ಬರುವ ದಾರಿಯಲ್ಲಿ, ನಮ್ಮ ಕಡೆಯಿಂದ ನಾನು ಮಾತಾಡುತ್ತೇನೆ ಅಂದೆ.

"ನೊಯೆಲ್ಲಾ ಮಾತಾಡಲಿ. ಅವಳಿಗೆ ಯಂತ್ರ ಗೊತ್ತು" ಅಂದ ಅಪ್ಪ.

ಅವನ ಹಿಂದೆ ಹಿಮದಲ್ಲಿ ಬೋನು ಹೊತ್ತು ನಡೆದವಳು ನಾನು. ಅಮ್ಮ ತೀರಿಹೋದ ವರ್ಷ ಅವನ ಜೊತೆ ಗುಡಿಸಲಿನಲ್ಲಿ ಇಡೀ ಚಳಿಗಾಲ ಕೂತವಳು ನಾನು. ನನಗೆ ಗೊತ್ತಿರುವುದು ಕಾಡು ಮಾತ್ರ. ಕಾಡಿನ ಪರ ಮಾತಾಡಲು ಅದು ಸಾಲದಂತೆ.

ಒಡೀಲ್


ಫೋರ್ಟ್ ಮ್ಯಾಕ್‌ಮರ್ರಿ
2 ಫೆಬ್ರವರಿ 1998

ಅಕ್ಕ,

ನಾನು ಮಾತಾಡಲು ಆಗುವುದಿಲ್ಲ. ಕಂಪನಿಯ ಕೋಟು ಹಾಕಿಕೊಂಡು ಕಂಪನಿಯ ವಿರುದ್ಧ ನಿಂತರೆ ಮರುದಿನ ಬಸ್ಸಿನಲ್ಲಿ ನನಗೆ ಸೀಟಿರುವುದಿಲ್ಲ. ಹೇಡಿ ಅನ್ನು, ಅನ್ನಿಸಿಕೊಳ್ಳುತ್ತೇನೆ. ನಾನು ಈ ಕೆಲಸ ಹಿಡಿದಾಗ ಲಾರಿ ಓಡಿಸುವ ಹೆಂಗಸರು ಕೈಬೆರಳಲ್ಲಿ ಎಣಿಸುವಷ್ಟು. ಎಷ್ಟು ಜನರ ನಗು ನುಂಗಿಕೊಂಡು ಆ ಏಣಿ ಹತ್ತಿದ್ದೇನೆ ಅಂತ ನಿನಗೆ ಬರೆದಿಲ್ಲ.

ನೀನು ಮಾತಾಡು. ಅಪ್ಪನಿಗೆ ನಾನು ಫೋನಿನಲ್ಲಿ ಹೇಳುತ್ತೇನೆ.

ಇಲ್ಲಿ ಗಣಿಯ ಕೊಳಕು ನೀರಿನ ಕೆರೆಗಳ ಮೇಲೆ ಬಾತು ಇಳಿಯದಿರಲಿ ಅಂತ ಬರೀ ಸದ್ದಿನ ಫಿರಂಗಿ ಹಾರಿಸುತ್ತಾರೆ. ಚಳಿಗಾಲದಲ್ಲಿ ಬಾತೂ ಇಲ್ಲ, ಫಿರಂಗಿಯೂ ಇಲ್ಲ. ಆದರೂ ಕಿವಿಗೆ ಕೇಳಿಸಿದ ಹಾಗಾಗುತ್ತದೆ. ನೀನು ಪುಣ್ಯವಂತೆ. ಮಾತಾಡಿದರೆ ನಿನ್ನದು ಏನೂ ಹೋಗುವುದಿಲ್ಲ.

ನೊಯೆಲ್ಲಾ


ಸ್ಪ್ರೂಸ್ ಪಾಯಿಂಟ್
9 ಮಾರ್ಚ್ 1998

ನೊಯೆಲ್ಲಾ,

ನೀನು ಫೋನು ಮಾಡಿದ ಮೇಲೆ ಅಪ್ಪ ಒಪ್ಪಿದ. ನಾನು ಕೇಳಿದಾಗ ಒಪ್ಪಲಿಲ್ಲ, ನೀನು ಹೇಳಿದಾಗ ಒಪ್ಪಿದ. ಹೋಗಲಿ, ಒಪ್ಪಿದನಲ್ಲ. ನನಗೆ ಈಗ ಅಷ್ಟು ಸಾಕು.

ಸಂಜೆ ಅಡುಗೆಮನೆಯಲ್ಲಿ ನಿಂತು ಮಾತು ಅಭ್ಯಾಸ ಮಾಡುತ್ತಿದ್ದೇನೆ. ಅಪ್ಪ ಬ್ಯಾನಕ್ ರೊಟ್ಟಿ ಚಹಾದಲ್ಲಿ ಅದ್ದಿಕೊಂಡು ಕೇಳುತ್ತಾನೆ, ನಡುವೆ ತಡೆದು ಜಾಗಗಳ ಹೆಸರು ಸೇರಿಸುತ್ತಾನೆ. ಬ್ಲೂಬೆರಿ ದಿಬ್ಬ. ಕರಡಿ ನೀರಿಗಿಳಿಯುವ ಜಾಗ. ಅಮ್ಮ ನಿನ್ನನ್ನು ಹೆತ್ತಾಗ ಡೇರೆ ಹಾಕಿದ್ದ ಮೂಲೆ. ಅಲ್ಲಿನ ಪಾಚಿ ತಂದು ನಿನ್ನ ತೊಟ್ಟಿಲಿಗೆ ಹಾಸಿದ್ದರಂತೆ, ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಅಪ್ಪ ನನ್ನ ಜೊತೆ ಇಷ್ಟು ಮಾತಾಡಿದ್ದಿಲ್ಲ. ಲಿಯಾನ್‌ಗೂ ಒಪ್ಪಿಸಿ ತೋರಿಸಿದೆ. ಕುರ್ಚಿಯಲ್ಲಿ ಕೂತವನು ಅರ್ಧಕ್ಕೇ ಕಣ್ಣು ಮುಚ್ಚಿಬಿಟ್ಟ. ಯಂತ್ರದ ಸದ್ದಿಲ್ಲದೆ ಅವನಿಗೆ ಎಚ್ಚರವಿರಲು ಬರುವುದಿಲ್ಲ.

ಊರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಆದರೂ ಕಂಪನಿಯವರು ಹೊಸ ಜನರೇಟರಿನ ತರಬೇತಿಗೆ ಅವನನ್ನು ಕರೆಸಿಕೊಳ್ಳುತ್ತಿದ್ದಾರೆ. ಹಿಮದ ರಸ್ತೆ ಕರಗುವ ಮುಂಚೆ ಹೊರಡುತ್ತಾನೆ, ನಿನ್ನ ಮನೆಯಲ್ಲೇ ಇರುತ್ತಾನೆ. ಅವನ ಕೈಯಲ್ಲಿ ಮೂಸ್ ಜಿಂಕೆಯ ಒಣಮಾಂಸ ಕಳಿಸುತ್ತಿದ್ದೇನೆ. ದಾರಿಯಲ್ಲಿ ಅವನೇ ತಿಂದು ಮುಗಿಸದಿದ್ದರೆ ನಿನಗೆ ಸಿಗುತ್ತದೆ.

ನಿನ್ನ ಅಕ್ಕ,
ಒಡೀಲ್


ಫೋರ್ಟ್ ಮ್ಯಾಕ್‌ಮರ್ರಿ
30 ಮಾರ್ಚ್ 1998

ಅಕ್ಕ,

ಒಣಮಾಂಸ ಬಂತು. ಒಂದು ತುಂಡು ಬಾಯಲ್ಲಿಟ್ಟುಕೊಂಡು ಪಾಳಿ ಪೂರ್ತಿ ಓಡಿಸಿದೆ.

ಭಾವ ನಾಳೆ ಹೊರಡುತ್ತಾನೆ. ಅವನಿದ್ದಷ್ಟು ದಿನ ಮನೆ ಮನೆಯ ಹಾಗಿತ್ತು. ಭಾನುವಾರ ಅಪ್ಪಣೆ ಕೇಳಿ ಅವನನ್ನು ಲಾರಿಯಲ್ಲಿ ಕೂರಿಸಿಕೊಂಡು ಗುಂಡಿಗೆ ಇಳಿದೆ. ಮೊದಲು ಚಿಕ್ಕ ಹುಡುಗನ ಹಾಗೆ ಲಾರಿಯ ಒಂದೊಂದು ಸ್ವಿಚ್ಚಿಗೂ ಇದು ಏನು, ಅದು ಏನು ಅಂತ ಕೇಳಿದ. ತಳ ಮುಟ್ಟಿದ ಮೇಲೆ ಸುತ್ತಲೂ ನೋಡುತ್ತಾ ಕೂತ. ಹಿಂದಕ್ಕೆ ಬರುವಾಗ, "ನಮ್ಮೂರು ಇದರ ಒಂದು ಮೂಲೆಗೂ ಸಾಲಲ್ಲ ಅಲ್ವಾ" ಅಂದ. ಅವನಿಗೆ ಅಗ್ಗದ ಡೀಸೆಲ್ ಇನ್ನೂ ಬೇಕು. ಬೇಕು ಅಂತ ಅನ್ನಲು ಮಾತ್ರ ಈಗ ಬಾಯಿ ಬರುತ್ತಿಲ್ಲ.

ಆಮೇಲೆ ಒಂದು ಮಾತು ಹೇಳಿದ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಕಾಡಿನವರು ಬೇಡ ಅಂದರೆ ಅದು ಮಾಮೂಲಿ, ಲಾರಿ ಓಡಿಸುವವಳೇ ಬೇಡ ಅಂದರೆ ವಿಚಾರಣೆ ನಡೆಸುವ ಆ ಮೂವರು ಕಿವಿ ನಿಮಿರಿಸಿ ಕೇಳುತ್ತಾರೆ, ನೀನೇ ಮಾತಾಡು ಅಂದ. ನಾನು ಯೋಚನೆ ಮಾಡುತ್ತಿದ್ದೇನೆ ಅಕ್ಕ. ನೀನು ಏನಂತೀಯ?

ಭಾವ ಒಳ್ಳೆಯವನು. ನಿನ್ನ ಅದೃಷ್ಟ ನನಗಿಲ್ಲ.

ನೊಯೆಲ್ಲಾ


ಸ್ಪ್ರೂಸ್ ಪಾಯಿಂಟ್
26 ಏಪ್ರಿಲ್ 1998

ನೊಯೆಲ್ಲಾ,

ನಾನು ಏನಂತೀನಿ ಅಂತ ಕೇಳಿದ್ದೆಯಲ್ಲ. ಕೇಳು.

ಲಿಯಾನ್ ಬಂದ ದಿನದಿಂದ ಅವನ ಬಾಯಲ್ಲಿ ನಿನ್ನದೇ ಮಾತು. ನೊಯೆಲ್ಲಾ ಹಿಂದೆ ನೋಡದೇ ಅಷ್ಟು ದೊಡ್ಡ ಲಾರಿ ಹಿಂದಕ್ಕೆ ತಗೊಳ್ತಾಳೆ. ಅಲ್ಲಿನ ಗಂಡಸರು ನೊಯೆಲ್ಲಾ ಅಂದರೆ ದಾರಿ ಬಿಡುತ್ತಾರೆ. ಊಟಕ್ಕೆ ಕೂತರೆ ಒಂದು ಕಡೆ ಅಪ್ಪ, ಇನ್ನೊಂದು ಕಡೆ ಗಂಡ, ಇಬ್ಬರೂ ಸೇರಿ ನೀನಿಲ್ಲದ ನಿನಗೆ ಬಡಿಸುತ್ತಾರೆ. ನನ್ನ ಮಾತು ಕೇಳುತ್ತಾ ನಿದ್ದೆ ಮಾಡಿದ ಮನುಷ್ಯ ಅಷ್ಟು ದೂರ ಹೋಗಿ ನಿನಗೆ ಮಾತಾಡು ಅಂದ. ನನಗೆ ಅಂತ ಇದ್ದದ್ದು ಅದೊಂದೇ. ಅದನ್ನೂ ನಿನ್ನ ಕೈಗೆ ಕೊಟ್ಟು ಬಂದ.

ಮಂಗಳವಾರ ಹಾಲಿಸ್ ಮತ್ತೆ ಬಂದ. ನಮ್ಮ ಮನೆಗೇ ಬಂದ. ನಾನು ಅಪ್ಪನಿಗೆ ಸಹಿ ಹಾಕು ಅಂದೆ.

ಅಪ್ಪ ಪೆನ್ನು ಹಿಡಿದುಕೊಂಡು, "ನೊಯೆಲ್ಲಾಗೆ ಗೊತ್ತಾ?" ಅಂದ. ಗೊತ್ತು, ಅವಳಿಗೂ ಒಪ್ಪಿಗೆ ಇದೆ ಅಂದೆ. ನೀನು ದಿನವೂ ಅದೇ ಗುಂಡಿಗೆ ಇಳಿಯುತ್ತೀಯಲ್ಲ, ಒಪ್ಪಿಗೆ ಇಲ್ಲ ಅಂತ ಹೇಗೆ ಹೇಳಲಿ? ಅಪ್ಪ ಹೆಸರು ಬರೆದ. ಕೆಳಗೆ ಮನೆಯವರ ಕಡೆಯಿಂದ ನಾನೂ ಬರೆದೆ. ಲಿಯಾನ್ ಬಾಗಿಲಲ್ಲಿ ನಿಂತು ನೋಡಿದವನು ಹೊರಗೆ ಹೋದ.

ಶಾಲೆ ಬೆಚ್ಚಗಾಗುತ್ತದೆ. ಅಗಾಥಾ ಇನ್ನು ಕೋಟು ಹಾಕಿಕೊಂಡು ಮಲಗಬೇಕಾಗಿಲ್ಲ. ಇದೆಲ್ಲ ನಿಜ. ಇದಕ್ಕೇ ಸಹಿ ಹಾಕಿದೆ ಅಂತ ಊರಿಗೆ ಹೇಳಿದ್ದೇನೆ. ನಿನಗೆ ಹಾಗೆ ಹೇಳುವುದಿಲ್ಲ. ಆ ಕಾಡಿನ ವಿಷಯಕ್ಕೆ ನಿನಗೆ ನನ್ನ ಮೇಲೆ ಅಸೂಯೆಯಲ್ಲವಾ? ಇನ್ನು ಬೇಡ. ಅದು ನನ್ನದೂ ಅಲ್ಲ, ನಿನ್ನದೂ ಅಲ್ಲ.

ಒಡೀಲ್


ಫೋರ್ಟ್ ಮ್ಯಾಕ್‌ಮರ್ರಿ
11 ಮೇ 1998

ಅಕ್ಕ,

ನನ್ನ ಹೆಸರು ಹೇಳಿ ಅಪ್ಪನ ಕೈಯಲ್ಲಿ ಸಹಿ ಹಾಕಿಸಿದೆಯಾ.

ಇದಕ್ಕಿಂತ ಹೆಚ್ಚು ಬರೆದರೆ ಆಮೇಲೆ ಇಬ್ಬರಿಗೂ ಅಳಿಸಲು ಆಗುವುದಿಲ್ಲ.

ನೊಯೆಲ್ಲಾ


ಸ್ಪ್ರೂಸ್ ಪಾಯಿಂಟ್
5 ಜುಲೈ 1998

ನೊಯೆಲ್ಲಾ,

ಅಂಚೆ ವಿಮಾನ ಬಂದಾಗಲೆಲ್ಲ ಹೋಗಿ ನಿಂತು ಬರಿಗೈಯಲ್ಲಿ ಬರುತ್ತಿದ್ದೇನೆ. ಬೈಯಲಾದರೂ ಬರಿ.

ನಮ್ಮ ಸಹಿ ಬಿದ್ದ ಮೇಲೆ ಊರಿನ ಮಂಡಳಿಯೂ ಒಪ್ಪಿತು. ಹೊಸ ಜನರೇಟರ್ ಬಾರ್ಜಿನಲ್ಲಿ ಬಂದಿದೆ, ಹಸಿರು ಬಣ್ಣದ್ದು. ಬೀದಿಯಲ್ಲಿ ಹೋದರೆ ಜನ ನಿಲ್ಲಿಸಿ ಮಾತಾಡಿಸುತ್ತಾರೆ, ನಿನ್ನಿಂದ ಒಳ್ಳೆಯದಾಯಿತು ಅನ್ನುತ್ತಾರೆ. ನಿನಗೆ ಸಿಗುತ್ತಿದ್ದ ಮರ್ಯಾದೆ ಮೊದಲ ಸಲ ನನಗೆ ಸಿಗುತ್ತಿದೆ. ಅಗಾಥಾ ಒಂದು ಜೊತೆ ಮಣಿ ಹೊಲಿದ ಚಪ್ಪಲಿ ತಂದುಕೊಟ್ಟಳು. ಹಾಕಿಕೊಂಡಿಲ್ಲ.

ನಿನ್ನ ಒಪ್ಪಿಗೆ ಇರಲಿಲ್ಲ ಅಂತ ಅಪ್ಪನಿಗೆ ಹೇಗೋ ಗೊತ್ತಾಗಿದೆ. ನೀನು ಹೇಳಿದೆಯೋ, ಲಿಯಾನ್ ಹೇಳಿದನೋ, ನಾನು ಕೇಳಲಿಲ್ಲ. ಕೂಗಾಡಲಿಲ್ಲ. ಬಲೆ ಹಾಕುತ್ತಾನೆ, ಮೀನು ತರುತ್ತಾನೆ, ನಾನು ಮಾಡಿದ್ದನ್ನು ತಿನ್ನುತ್ತಾನೆ. ನಿನ್ನೆ ಊಟದ ಹೊತ್ತಿಗೆ ಉಪ್ಪು ಕೇಳಿದ. ಇಂಗ್ಲಿಷಿನಲ್ಲಿ ಕೇಳಿದ. ಕೊಟ್ಟ ಮೇಲೆ ಥ್ಯಾಂಕ್ಸ್ ಅಂದ.

ಒಡೀಲ್


ಸ್ಪ್ರೂಸ್ ಪಾಯಿಂಟ್
27 ಸೆಪ್ಟೆಂಬರ್ 1998

ನೊಯೆಲ್ಲಾ,

ವಿಚಾರಣೆಯ ದಿನ, ಅದು ನಡೆದ ಹೋಟೆಲಿನ ಬಾಗಿಲಲ್ಲಿ ಎದುರಾದಾಗ ನೀನು ಮುಖ ತಿರುಗಿಸಿದೆ, ನಾನೂ ತಿರುಗಿಸಿದೆ. ಅಲ್ಲಿ ಹೇಳದ್ದನ್ನು ಈಗ ಬರೆಯುತ್ತಿದ್ದೇನೆ.

ಕಂಪನಿಯವರು ವಿಮಾನ ಮಾಡಿ ನಮ್ಮನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅಪ್ಪ ನನ್ನ ಪಕ್ಕ, ಚರ್ಚಿಗೆ ಹಾಕುವ ಕೋಟಿನಲ್ಲಿ. ಹಾಲಿಸ್ ಎದ್ದು, ಬೋನಿನ ಕಾಡಿನವರೇ ಒಪ್ಪಿದ್ದಾರೆ, ಊರಿಗೆ ಅಗ್ಗದ ಇಂಧನ, ದೇಶಕ್ಕೆ ಅಗ್ಗದ ಇಂಧನ ಅಂತೆಲ್ಲ ಹೇಳಿ ಕೂತ. ಆಮೇಲೆ ನಿನ್ನ ಹೆಸರು ಕರೆದರು. ನೀನು ಪಾಳಿ ಮುಗಿಸಿ ನೇರ ಬಂದಿದ್ದೆ, ಕಂಪನಿಯ ಕೋಟಿನಲ್ಲಿ, ಬೂಟಿನ ತುಂಬ ಕಪ್ಪು. ಬೇರೆ ಬಟ್ಟೆ ಇಲ್ಲದೆ ಅಲ್ಲ ಅಂತ ನನಗೆ ಗೊತ್ತು.

ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ನಾವು ಮರಳು ತುಂಬಿಕೊಳ್ಳೋಕೆ ಮುಂಚೆ ಮೇಲಿನ ಮಣ್ಣು ಎತ್ತಿ ಪಕ್ಕಕ್ಕೆ ಹಾಕ್ತೀವಿ. ಅದಕ್ಕೆ ಕಂಪನಿಯಲ್ಲಿ ಹೊರೆ ಅಂತ ಹೆಸರು. ಎಷ್ಟೋ ಹೊರೆ ನಾನೇ ಸುರಿದಿದ್ದೀನಿ, ಅದರಲ್ಲಿ ಏನಿತ್ತು ಅಂತ ನೋಡಿರಲಿಲ್ಲ. ಬರ್ಚ್ ಹಳ್ಳದ ಹೊರೆಯಲ್ಲಿ ಏನಿದೆ ಅಂತ ನನಗೆ ಗೊತ್ತು, ಹೇಳ್ತೀನಿ." ಆಮೇಲೆ ಒಂದೊಂದೇ ಹೇಳಿದೆ. ಬ್ಲೂಬೆರಿ ದಿಬ್ಬ. ಕರಡಿ ನೀರಿಗಿಳಿಯುವ ಜಾಗ. ಅಮ್ಮನ ಡೇರೆಯ ಮೂಲೆ, ತೊಟ್ಟಿಲಿನ ಪಾಚಿ.

ಅದು ನನ್ನ ಮಾತು ನೊಯೆಲ್ಲಾ. ನಾನು ಹೇಳಿದ ಸಾಲು, ನಾನು ಹೇಳಿದ ಕ್ರಮ. ಹಿಂದಿನ ಸಾಲಿನಲ್ಲಿ ಕೂತಿದ್ದ ಲಿಯಾನ್ ಕಡೆ ತಿರುಗಿ ನೋಡಿದೆ. ತಲೆ ತಗ್ಗಿಸಿದ. ಹಾಗಾದರೆ ಆ ದಿನ ಅವನು ಕಣ್ಣು ಮುಚ್ಚಿದ್ದು ನಿದ್ದೆಗಲ್ಲ.

ಸಹಿಯ ಬಗ್ಗೆ ಆ ಮೂವರಲ್ಲಿ ಒಬ್ಬರು ಕೇಳಿದಾಗ ಅಪ್ಪ ಎದ್ದು ನಿಂತ. ಎಲ್ಲರೆದುರು ನನ್ನ ಸುಳ್ಳನ್ನು ಹೇಳಿಬಿಡುತ್ತಾನೆ ಅಂದುಕೊಂಡೆ. "ಸಹಿ ನನ್ನದೇ. ಹಿರೀ ಮಗಳು ಹಾಕು ಅಂದಳು, ಹಾಕಿದೆ. ಅವಳನ್ನ ಏನೂ ಅನ್ನಬೇಡಿ. ನಮ್ಮೂರಲ್ಲಿ ತುಂಬ ಚಳಿ ಇತ್ತು" ಅಂದ. ಅಷ್ಟೇ ಹೇಳಿ ಕೂತ.

ನನ್ನನ್ನು ಉಳಿಸಿದ ಅಂತ ನನಗೆ ಅಳು ಬರಬೇಕಿತ್ತು. ಬರಲಿಲ್ಲ. ನನ್ನನ್ನು ಉಳಿಸುವ ಆ ಮಾತನ್ನೂ ಅವನು ನಿನ್ನ ಮುಖ ನೋಡಿಕೊಂಡೇ ಹೇಳಿದ. ನಾನು ಪಕ್ಕದಲ್ಲೇ ಕೂತಿದ್ದೆ.

ಒಡೀಲ್


ಫೋರ್ಟ್ ಮ್ಯಾಕ್‌ಮರ್ರಿ
15 ನವೆಂಬರ್ 1998

ಅಕ್ಕ,

ಹೌದು, ಆ ಮಾತು ನಿನ್ನದೇ. ಭಾವ ನನ್ನ ಮೇಜಿನ ಮುಂದೆ ಕೂತು ಪೂರ್ತಿ ಒಪ್ಪಿಸಿದ್ದ, ಅಪ್ಪ ಎಲ್ಲಿ ತಡೆದ ಅನ್ನುವುದೂ ಸೇರಿ. ನನ್ನ ಹೆಂಡತಿ ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತ ತೋರಿಸಿಕೊಳ್ಳಲು ಒಪ್ಪಿಸಿದ. ಅವನ ಆಸೆ ನಾವಿಬ್ಬರೂ ಮಾತಾಡಲಿ ಅಂತ. ನೀನು ಕಾಡಿನದು, ನಾನು ಗುಂಡಿಯದು. ಅದನ್ನು ನಿನಗೆ ಸರಿಯಾಗಿ ಬರೆಯದೆ ಹೋದವಳು ನಾನು.

ಇದು ನನ್ನ ಅಕ್ಕನ ಮಾತು ಅಂತ ಅಲ್ಲಿ ಹೇಳಬೇಕು ಅಂದುಕೊಂಡೇ ಎದ್ದು ನಿಂತಿದ್ದೆ. ಅಪ್ಪ ನನ್ನನ್ನು ನೋಡುತ್ತಿದ್ದ ರೀತಿ ನೋಡಿ ಬಾಯಿ ಬರಲಿಲ್ಲ. ಒಂದು ಸಲವಾದರೂ ಅವನು ನನ್ನನ್ನು ಆ ಕಾಡಿನ ಮಗಳು ಅಂತ ನೋಡಲಿ ಅಂತ ಆಸೆಯಾಯಿತು. ಕದ್ದ ಮಾತಿನಿಂದಾದರೂ ಸರಿ.

ಉಳಿದ ಸುದ್ದಿ ನಿನಗೂ ತಲುಪಿರಬೇಕು. ಗಣಿಗೆ ಅಪ್ಪಣೆ ಸಿಕ್ಕಿದೆ, ಏನೇನೋ ಷರತ್ತು ಹಾಕಿ. ಮುಂದಿನ ಚಳಿಗಾಲ ನೆಲ ಗಟ್ಟಿಯಾದ ಮೇಲೆ ಮರ ಕಡಿಯುತ್ತಾರೆ. ಮಾತಾಡಿದ್ದಕ್ಕೆ ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಎಣ್ಣೆ ಬೆಲೆ ಬಿದ್ದಿದೆ, ಜನ ಕಡಿಮೆ ಮಾಡಬೇಕು ಅಂದರು. ನನ್ನ ಪಾಳಿಯಲ್ಲಿ ಕಡಿಮೆಯಾದವಳು ನಾನೊಬ್ಬಳೇ.

ಅಪ್ಪ ಫೋನು ಮಾಡಿದ್ದ. ಈ ಚಳಿಗಾಲ ಗುಡಿಸಲಿನಲ್ಲಿ ಕಳೆಯಬೇಕು, ಬರುತ್ತೀಯಾ ಅಂದ. ಹೋಗುತ್ತಿದ್ದೇನೆ. ನಿನ್ನನ್ನು ಕರಿ ಅಂತ ಅವನು ಹೇಳಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. ನಾನು ಕೇಳಲಿಲ್ಲ, ಅದು ನನ್ನ ಸಣ್ಣತನ.

ನೊಯೆಲ್ಲಾ


ಸ್ಪ್ರೂಸ್ ಪಾಯಿಂಟ್
31 ಜನವರಿ 1999

ನೊಯೆಲ್ಲಾ,

ಪಕ್ಕದ ಮನೆಯ ಗೇಬ್ರಿಯಲ್ ನಾಳೆ ನಿಮ್ಮ ಕಡೆ ಬೇಟೆಗೆ ಹೊರಟಿದ್ದಾನೆ, ಇದನ್ನು ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೋದ ಸಲ ಬಂದಾಗ ಅವನು ನಿಮ್ಮ ಸುದ್ದಿಯೆಲ್ಲ ಹೇಳಿದ. ನೀನು ಮೊದಮೊದಲು ಬೋನಿಗೆ ಬೆರಳು ಸಿಕ್ಕಿಸಿಕೊಂಡೆಯಂತೆ. ಈಗ ಅಪ್ಪ ಹಿಂದೆ, ನೀನು ಮುಂದೆ ನಡೆಯುತ್ತೀಯಂತೆ. ಹಳ್ಳದ ಮೇಲೆ ಮೀನಿಗಾಗಿ ಮಂಜುಗಡ್ಡೆ ಕೊರೆದು ಕೂತು ಇಬ್ಬರೂ ನಗುತ್ತಿದ್ದಿರಂತೆ. ಏನಕ್ಕೆ ನಗುತ್ತಿದ್ದರು ಅಂತ ಕೇಳಿದೆ. ಅದೇನು ನೆನಪಿಲ್ಲ ಅಂದ. ಅವತ್ತಿನಿಂದ ಅದೇ ಯೋಚನೆ, ಏನಕ್ಕೆ ನಕ್ಕಿರಬಹುದು.

ಊರು ಬೆಚ್ಚಗಿದೆ. ಸುಳ್ಳು ಹೇಳುವುದಿಲ್ಲ, ಚೆನ್ನಾಗಿದೆ. ಶಾಲೆ ಒಂದು ದಿನವೂ ಮುಚ್ಚಲಿಲ್ಲ. ಲಿಯಾನ್‌ಗೆ ಮಾಡಲು ಕೆಲಸವೇ ಇಲ್ಲ, ಹೊಸ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ನಮ್ಮಿಬ್ಬರ ನಡುವೆ ಮಾತು ಮತ್ತೆ ಶುರುವಾಗಿದೆ. ಒಂದು ದಿನ ನಾನಾಗಿಯೇ, ನನ್ನ ಆ ಮಾತು ಅಷ್ಟು ಚೆನ್ನಾಗಿತ್ತಾ ಅಂದೆ. ಚೆನ್ನಾಗಿತ್ತು, ಅದಕ್ಕೇ ಕಣ್ಣು ಮುಚ್ಚಿ ಕೇಳಿದೆ ಅಂದ.

ಶನಿವಾರ ಬರುತ್ತಿದ್ದೇನೆ. ಲಿಯಾನ್ ಹಿಮದ ಮೇಲೆ ಓಡಿಸುವ ಸ್ಕಿಡೂ ಗಾಡಿ ಸರಿಮಾಡಿ ಕೊಟ್ಟಿದ್ದಾನೆ, ಜೊತೆಗೆ ಬರುತ್ತೇನೆ ಅಂದ, ಬೇಡ ಅಂದೆ. ಹಿಟ್ಟು, ಚಹಾ, ಹಂದಿಕೊಬ್ಬು ತರುತ್ತೇನೆ, ವಸಂತದ ತನಕ ಸಾಕಾಗುವಷ್ಟು.

ಕ್ಷಮೆ ಕೇಳಲು ಬರುತ್ತಿದ್ದೇನೆ ಅಂದುಕೊಳ್ಳಬೇಡ. ಕೇಳಲು ನನಗೆ ಬರುವುದಿಲ್ಲ, ಕೇಳಿದರೆ ಅಪ್ಪನಿಗೆ ಎಲ್ಲಿ ನೋಡಬೇಕು ಅಂತ ತಿಳಿಯುವುದಿಲ್ಲ. ಮುಂದಿನ ವರ್ಷ ಆ ಜಾಗವೇ ಇರುವುದಿಲ್ಲ. ಇರದ ಹಾಗೆ ಮಾಡಿದ್ದರಲ್ಲಿ ನನ್ನ ಕೈಯೂ ಇದೆ. ಅಪ್ಪ ಇನ್ನು ಬದುಕಿರುವಷ್ಟು ದಿನ ಬರ್ಚ್ ಹಳ್ಳ ಅಂದಾಗೆಲ್ಲ ಅವನಿಗೆ ನೆನಪಾಗುವುದು ಈ ಚಳಿಗಾಲ. ಆ ನೆನಪಿನಲ್ಲಿ ನೀನೊಬ್ಬಳೇ ಇರುವುದನ್ನು ನನ್ನಿಂದ ಸಹಿಸಲು ಆಗುವುದಿಲ್ಲ. ಬರುತ್ತಿರುವುದು ಅದಕ್ಕೆ.

ಅಲ್ಲಿ ಮಲಗುವ ಹಲಗೆ ಎರಡೇ. ಒಲೆಯ ಪಕ್ಕದ್ದು ಅಪ್ಪನದು, ಕಿಟಕಿಯ ಕಡೆಯದು ನನ್ನದು, ಮೊದಲಿನಿಂದಲೂ ನನ್ನದೇ. ನಿನ್ನ ಹಾಸಿಗೆ ಅದರ ಮೇಲಿಂದ ತೆಗೆದಿಡು. ನೆಲದ ಮೇಲೆ ಯಾರು ಮಲಗಬೇಕು ಅಂತ ಬಂದ ಮೇಲೆ ಜಗಳ ಆಡೋಣ.

ನಿನ್ನ ಅಕ್ಕ,
ಒಡೀಲ್